ಹಳದಿ ಅಮ್ಮ

ನನ್ನ ಮೊಮ್ಮಗಳ ಪ್ರಕಾರ ಅವಳ ಅಪ್ಪನ ಕೆಲಸ ಫೋನಿನೊಳಗೆ ಇರುವುದು. ಅಳಿಯ ಸರಕು ಹಡಗಿನಲ್ಲಿ ಅಡುಗೆಯವನು. ವರ್ಷಕ್ಕೆ ಎರಡು ಸಲ ಮನೆಗೆ ಬರುತ್ತಾನೆ, ಮಿಕ್ಕ ದಿನಗಳಲ್ಲಿ ಸಿಗ್ನಲ್ ಸಿಕ್ಕಾಗ ಅಂಗೈಯಗಲದ ಪರದೆಯಲ್ಲಿ ಮುಖ ತೋರಿಸಿ ಮಾಯವಾಗುತ್ತಾನೆ. ಹೋದ ಸಲ ರಜೆಗೆ ಬಂದು ಬಾಗಿಲಲ್ಲಿ ನಿಂತಾಗ ಮೂರು ವರ್ಷದ ಈ ಪೋರಿ ಮುಖ ಬಿಟ್ಟು ಅವನ ಕಾಲುಗಳನ್ನೇ ಕಣ್ಣರಳಿಸಿ ನೋಡಿದಳು. ಫೋನಿನಲ್ಲಿ ಅವನಿಗೆ ಕಾಲು ಇರಲಿಲ್ಲವಲ್ಲ. ಎರಡು ದಿನ ಅವನ ಹತ್ತಿರ ಸುಳಿಯಲಿಲ್ಲ. ಮೂರನೆಯ ದಿನ ಹೋಗಿ ಮೊಣಕಾಲನ್ನು ಒಮ್ಮೆ ಗಿಲ್ಲಿ, ನಿಜವೆಂದು ಖಾತ್ರಿ ಮಾಡಿಕೊಂಡು ತೊಡೆ ಹತ್ತಿದಳು.

ನನ್ನ ಕೆಲಸದ ಮೇಲೆ ಅವಳಿಗೆ ಹೇಳಿಕೊಳ್ಳುವಂಥ ಗೌರವವೇನಿಲ್ಲ. ನಾನು ಕಿಟಕಿಯ ಪಕ್ಕ ಮಿಷನ್ ಹಾಕಿಕೊಂಡು ಒಂದು ಆಸ್ಪತ್ರೆಗೆ ದಿಂಬಿನ ಚೀಲ ಹೊಲಿದುಕೊಡುತ್ತೇನೆ, ದಿನಕ್ಕೆ ನಲವತ್ತು. ಪಕ್ಕದ ಮನೆಯವರು “ಅಜ್ಜಿ ಏನು ಕೆಲಸ ಮಾಡ್ತಾರೆ ಪುಟ್ಟಾ?” ಎಂದರೆ “ಸದ್ದು ಮಾಡ್ತಾಳೆ” ಎನ್ನುತ್ತಾಳೆ. ಮಿಷನ್ನಿನ ಸದ್ದೋ ನನ್ನ ಬಾಯಿಯ ಸದ್ದೋ ಎಂದು ನಾನು ವಿಚಾರಿಸಲು ಹೋಗಿಲ್ಲ.

ಅಮ್ಮನ ಕೆಲಸ ಮಾತ್ರ ದೊಡ್ಡದು. ಅಮ್ಮ ಕೆಲಸಕ್ಕೆ ಹೋದಳೆಂದರೆ ಹಳದಿಯಾಗುತ್ತಾಳೆ. ಮನೆಗಳಿಗಿಂತ ಎತ್ತರ ಬೆಳೆಯುತ್ತಾಳೆ. ಒಂದೇ ಕೈ, ಆದರೆ ರಸ್ತೆಯಷ್ಟು ಉದ್ದದ ಕೈ. ಅದರಿಂದ ಕಬ್ಬಿಣ, ಹಲಗೆ, ಸಿಮೆಂಟಿನ ಮೂಟೆ ಎಲ್ಲವನ್ನೂ ಎತ್ತಿ ಎತ್ತಿ ಇಡುತ್ತಾಳೆ. ಸಂಜೆ ಕುಗ್ಗಿ, ಬಣ್ಣ ತೊಳೆದುಕೊಂಡು, ಮೆಟ್ಟಿಲು ಹತ್ತಿ ಮನೆಗೆ ಬರುತ್ತಾಳೆ.

ಇದು ಮಗುವಿನ ತಲೆಗೆ ತಾನಾಗಿ ಹೊಳೆದದ್ದಲ್ಲ. ತುಂಬಿದವಳು ನಾನು. ಮುಂದೆ ನಡೆದದ್ದಕ್ಕೆಲ್ಲ ಬೇರು ಅಲ್ಲಿದೆ, ಆದ್ದರಿಂದ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನ್ನ ಮಗಳು ಕ್ರೇನ್ ಡ್ರೈವರ್. ನಮ್ಮದು ಮೂರನೆಯ ಮಹಡಿಯ ಮನೆ, ರಸ್ತೆಯಾಚೆ ದೊಡ್ಡ ಕಟ್ಟಡವೊಂದು ಏಳುತ್ತಿತ್ತು, ಅದರ ಬೆನ್ನಿಗೆ ಹಳದಿ ಬಣ್ಣದ ಟವರ್ ಕ್ರೇನು. ಇನ್ನೂರ ಹದಿನೆಂಟು ಮೆಟ್ಟಿಲಿನ ನೆಟ್ಟನೆಯ ಕಬ್ಬಿಣದ ಏಣಿ ಹತ್ತಿ, ತುದಿಯಲ್ಲಿರುವ ಗಾಜಿನ ಕ್ಯಾಬಿನ್ನಿನಲ್ಲಿ ಕೂತರೆ ಅವಳು ಇಳಿಯುವುದು ಮಧ್ಯಾಹ್ನದ ಊಟಕ್ಕೇ. ನಡುವೆ ಇಳಿಯಬೇಕಾದೀತೆಂದು ಬೆಳಿಗ್ಗೆ ನೀರನ್ನೂ ಅಳತೆ ಮಾಡಿ ಕುಡಿಯುತ್ತಾಳೆ. ನಾನು ಬೈಯುತ್ತೇನೆ, ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಾಳೆ. ಆ ಕ್ಯಾಬಿನ್ನಿಗೆ ಏರುವುದಕ್ಕೆ ಅವಳಿಗೆ ಏಳು ವರ್ಷ ಹಿಡಿದಿತ್ತು. ಎರಡು ಸಲ ಪರೀಕ್ಷೆಯಲ್ಲಿ ಬೇಕೆಂದೇ ಫೇಲು ಮಾಡಿದರು. ಮೂರನೆಯ ಸಲ ಲೈಸೆನ್ಸ್ ಕೈಗೆ ಬಂದ ದಿನ ಅವಳು ಅದನ್ನು ಊಟದ ತಟ್ಟೆಯ ಪಕ್ಕ ಇಟ್ಟುಕೊಂಡು ಊಟ ಮಾಡಿದಳು.

ಬೆಳಿಗ್ಗೆ ಏಳಕ್ಕೆ ಅವಳು ಹೊರಟರೆ ಮಗು ಅಳಲು ಕೂರುತ್ತಿತ್ತು. ಚೋಟುದ್ದ ಹುಟ್ಟಿದಳೆಂದು ಅವಳನ್ನು ಚೋಟಿ ಎನ್ನುತ್ತೇವೆ, ಗಂಟಲು ಮಾತ್ರ ಚೋಟುದ್ದವಲ್ಲ. ಕಂಠಶೋಷಣೆ ಸಾಕಾಗಿ ಒಂದು ದಿನ ನಾನು ಅವಳನ್ನು ಕಿಟಕಿಗೆ ಎತ್ತಿ ಹಿಡಿದು, “ಯಾಕೇ ಬಾಯಿ ಬಡ್ಕೋತೀಯ? ಅಗೋ ನೋಡು, ನಿಮ್ಮಮ್ಮ ಅಲ್ಲೇ ನಿಂತಿದ್ದಾಳೆ” ಎಂದು ಕ್ರೇನ್ ತೋರಿಸಿದೆ. ಅಲ್ಲಿ ಒಳಗೆ ಕೂತಿದ್ದಾಳೆ ಎಂದು ಹೇಳಬೇಕಿತ್ತು, ಅವಸರದಲ್ಲಿ ಹಾಗೆ ಹೇಳಿಬಿಟ್ಟೆ. ಅಳು ಟಕ್ಕನೆ ನಿಂತಿತು. ನಿಂತ ಅಳುವನ್ನು ತಿದ್ದುಪಡಿ ಮಾಡಿ ಮತ್ತೆ ಶುರುಮಾಡಿಸುವಷ್ಟು ಮೂರ್ಖಳು ನಾನಲ್ಲ.

ಅಲ್ಲಿಂದಾಚೆ ಸಂಜೆ ಅಮ್ಮ ಬಂದ ಕೂಡಲೆ ತಪಾಸಣೆ. ಅಮ್ಮನ ಬಲಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಬೆರಳು ಬಿಡಿಸಿ, ತೋಳನ್ನು ಮೇಲಕ್ಕೆ ಸರಿಸಿ, ಉಳಿದ ಕೈ ಎಲ್ಲಿ ಹೋಯಿತೆಂದು ಹುಡುಕುತ್ತಿದ್ದಳು.

“ಉದ್ದ ಕೈ ಎಲ್ಲಿ?”

“ಅಲ್ಲೇ ಬಿಟ್ಟು ಬಂದೆ ಕಣೆ. ಮನೇಲಿ ಹಿಡಿಸಲ್ಲ.”

ಆಟದ ಚೆಂಡು ಮಂಚದ ಕೆಳಗೆ ಉರುಳಿದರೆ ನನ್ನನ್ನು ಕೇಳುತ್ತಿರಲಿಲ್ಲ, ಸಂಜೆಯವರೆಗೆ ಕಾಯುತ್ತಿದ್ದಳು. ಅಮ್ಮ ಬಂದು ಉಸಿರು ಕಟ್ಟಿ ಮಂಚದ ಒಂದು ಮೂಲೆಯನ್ನು ಗೇಣುದ್ದ ಎತ್ತಿದರೆ ಚೋಟಿಗೆ ಅಸಮಾಧಾನ. “ಆ ಕೈ ತಗೊಂಡ್ ಬಾ” ಎನ್ನುತ್ತಿದ್ದಳು. ರಜೆಯ ದಿನ ಗಾಳಿಗೆ ಕ್ರೇನ್ ತಾನೇ ಮೆಲ್ಲಗೆ ತಿರುಗುತ್ತಿತ್ತು. ಗಾಳಿಯ ಎದುರು ಸೆಟೆದು ನಿಂತರೆ ಮುರಿದೀತೆಂದು ಡ್ರೈವರುಗಳು ಬ್ರೇಕ್ ಸಡಿಲ ಬಿಟ್ಟು ಬರುತ್ತಾರೆ. ಅದನ್ನು ನೋಡಿ, “ಹಳದಿ ಅಮ್ಮ ಮಗ್ಗಲು ಬದಲಾಯಿಸ್ತಿದ್ದಾಳೆ” ಎಂದು ಪಿಸುಗುಟ್ಟುತ್ತಿದ್ದಳು, ಪಕ್ಕದಲ್ಲೇ ಬಟಾಣಿ ಬಿಡಿಸುತ್ತ ಕೂತಿದ್ದ ಇನ್ನೊಬ್ಬ ಅಮ್ಮನ ತೊಡೆಗೆ ಒರಗಿಕೊಂಡೇ. ಒಬ್ಬಳೇ ಅಮ್ಮ ಎರಡು ಕಡೆ ಇರುವುದು ಅವಳಿಗೆ ದೊಡ್ಡ ವಿಷಯವಾಗಿರಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಮಗು ಬೆಳಿಗ್ಗೆಯೆಲ್ಲ ಕಿಟಕಿಯಲ್ಲಿ ಕೈ ಬೀಸುತ್ತಿತ್ತು, ಆ ಕಬ್ಬಿಣ ತಿರುಗಿಯೂ ನೋಡುತ್ತಿರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಹಸಿವೂ ಸೇರಿ ಮತ್ತೆ ರಾಗ. ನಾನು ಮಗಳ ಹಿಂದೆ ಬಿದ್ದೆ. ದಿನಕ್ಕೊಮ್ಮೆ ಕ್ರೇನಿನ ಕೈಯಿಂದ ನೇತಾಡುವ ಆ ಕೊಕ್ಕೆಯನ್ನು ಈ ಕಡೆ ತಂದು ಚೂರು ಮೇಲೆ ಕೆಳಗೆ ಮಾಡಿದರೆ ನಿನ್ನ ಗಂಟೇನು ಹೋಗುತ್ತದೆ ಎಂದೆ.

“ಅದೇನು ಆಟದ ಸಾಮಾನಾ ಅಮ್ಮಾ? ಕೆಳಗಡೆ ಜನ ಇರ್ತಾರೆ.”

ಎರಡು ವಾರ ಒಪ್ಪಲಿಲ್ಲ. ಕೊನೆಗೆ ನಾನು ಆಡಬಾರದ ಮಾತು ಆಡಿದೆ. “ನಿನಗೆ ಹೆತ್ತ ಮಗುವಿಗಿಂತ ಕಬ್ಬಿಣವೇ ಹೆಚ್ಚಾಯ್ತು ಬಿಡು” ಎಂದೆ. ಅವಳು ತಟ್ಟೆಯಲ್ಲಿ ಕೈ ಆಡಿಸುತ್ತ ಕೂತಳು, ಊಟ ಸೇರಲಿಲ್ಲ. ಮರುದಿನ ಹತ್ತಕ್ಕೆ ಕೊಕ್ಕೆ ನಮ್ಮ ಕಿಟಕಿಯ ನೇರಕ್ಕೆ ಬಂದು ನಿಂತಿತು. ಒಮ್ಮೆ ಎದ್ದಿತು, ಇಳಿಯಿತು. ಮತ್ತೊಮ್ಮೆ ಎದ್ದಿತು, ಇಳಿಯಿತು. ಚೋಟಿ ಕಿಟಕಿಯ ಸರಳುಗಳನ್ನು ಹಿಡಿದು ಕುಣಿದಳು. ಆ ದಿನ ಅವಳು ತಕರಾರಿಲ್ಲದೆ ಎರಡು ಬಟ್ಟಲು ಗಂಜಿ ಕುಡಿದಳು.

ಇದಕ್ಕೆ ಕೆಳಗಿನಿಂದ ನೆರವಾದವನು ಪೀಪಿ. ಹೊರೆಗೆ ಸರಪಳಿ ಕಟ್ಟುವವನು, ಬಿಚ್ಚುವವನು, ಮೇಲಿರುವವಳಿಗೆ ವಾಕಿಟಾಕಿಯಲ್ಲಿ ದಾರಿ ಹೇಳುವವನು. ವಾಕಿಟಾಕಿ ಕೈಕೊಟ್ಟಾಗ ಊದಲೆಂದು ಕೊರಳಲ್ಲಿ ಸೀಟಿ ನೇತುಹಾಕಿಕೊಂಡಿರುತ್ತಿದ್ದನಾದ್ದರಿಂದ ಆ ಹೆಸರು. ನಮ್ಮ ಕಡೆಯ ಗೋಡೆ ಆರು ಅಂತಸ್ತು ಎದ್ದ ಮೇಲೆ, ಆ ಗೋಡೆಗೂ ರಸ್ತೆಯ ಬೇಲಿಗೂ ನಡುವಿನ ಜಾಗ ಕ್ಯಾಬಿನ್ನಿಗೆ ಕಾಣುತ್ತಿರಲಿಲ್ಲ. ಅಲ್ಲಿ ಹೊರೆ ಇಳಿಸುವಾಗ ನನ್ನ ಮಗಳ ಕಣ್ಣು ಅಂದರೆ ಪೀಪಿಯ ಮಾತು. ನಿಯಮದ ಪ್ರಕಾರ ಅವನು ಸರಪಳಿ ಬಿಚ್ಚಿ, ದೂರ ಸರಿದು, ಮೊದಲು “ಖಾಲಿ” ಎನ್ನಬೇಕು, ಆಮೇಲೆ “ಮೇಲೆ” ಎನ್ನಬೇಕು. ಆಗ ಮಾತ್ರ ಅವಳು ಕೊಕ್ಕೆ ಎತ್ತಬೇಕು. ಹತ್ತು ಗಂಟೆಗೆ ಮಾತ್ರ ಅವರಿಬ್ಬರ ನಡುವೆ ಬೇರೆ ಮಾತು ರೂಢಿಯಾಯಿತು. ಕೊಕ್ಕೆ ಖಾಲಿಯಾದ ಮೇಲೆ ಅವನು “ಚೋಟಿ ಟೈಮು ಅಕ್ಕಾ” ಎನ್ನುತ್ತಿದ್ದ. ಅಷ್ಟೆಂದರೆ ಎಲ್ಲ ಸರಿಯಿದೆ, ಟಾಟಾ ಮಾಡು ಎಂದರ್ಥ. ಐದು ತಿಂಗಳು ಇದು ತಪ್ಪದೆ ನಡೆಯಿತು. ಯಾರಿಗೂ ಏನೂ ಆಗಲಿಲ್ಲವಾದ್ದರಿಂದ ಇದೂ ಒಂದು ನಿಯಮವೇ ಎಂಬಂತೆ ಆಗಿಹೋಯಿತು.

ಆ ಮಂಗಳವಾರ ನಾನು ದಿಂಬಿನ ಚೀಲಗಳ ಅಂಚು ಮಡಿಸುತ್ತಿದ್ದೆ. ಚೋಟಿ ಕುರ್ಚಿಯ ಮೇಲೆ ನಿಂತು ಸರಳು ಹಿಡಿದಿದ್ದಳು. ಬೇಲಿಯ ಒಳಗೆ ಹಲಗೆಗಳ ಕಟ್ಟು ಇಳಿದಿತ್ತು. ಅದಕ್ಕೆ ಎರಡು ಸರಪಳಿ. ಒಂದನ್ನು ಪೀಪಿ ಬಿಚ್ಚಿದ್ದ, ಇನ್ನೊಂದು ಕಟ್ಟಿನ ಅಡಿ ಸಿಕ್ಕಿಕೊಂಡಿತ್ತು. ಅವನು ಬಗ್ಗಿ, ಬಲಗೈಯನ್ನು ಹಲಗೆಯ ಕೆಳಗೆ ತೂರಿಸಿ ಅದನ್ನು ಎಳೆಯುತ್ತಿದ್ದ. ಆಗ ಹತ್ತಾಯಿತೆಂದು ಚಹಾದವನ ಗಂಟೆ ಹೊಡೆಯಿತು. ಗಂಟೆ ಕೇಳಿದ ಕೂಡಲೆ ಪೀಪಿ ಎಡಗೈಯಲ್ಲಿ ವಾಕಿಟಾಕಿಯನ್ನು ಬಾಯಿಗೆ ಒಯ್ದದ್ದನ್ನು ನಾನು ಕಂಡೆ. ಏನೆಂದನೆಂದು ಇಷ್ಟು ದೂರಕ್ಕೆ ಕೇಳುವಂತಿರಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ಕೊಕ್ಕೆ ಎದ್ದಿತು. ಸರಪಳಿ ಬಿಗಿಯಿತು. ಪೀಪಿ ತುದಿಗಾಲಿನ ಮೇಲೆ ನೆಟ್ಟಗಾದ, ಮೊದಲು ನನಗೆ ಅವನು ನಿಂತು ಮೈಮುರಿಯುತ್ತಿದ್ದಾನೆ ಅನಿಸಿತು. ಕೊಕ್ಕೆ ಇಳಿಯಿತು, ಅವನು ಮಂಡಿಯೂರಿದ. ಕೊಕ್ಕೆ ಮತ್ತೆ ಎದ್ದಿತು. ಎರಡು ಸಲ ತಾನೆ ಟಾಟಾ ಮಾಡುವುದು.

ಚೋಟಿ ಬೀಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು. ಜನ ನಾಲ್ಕೂ ಕಡೆಯಿಂದ ಓಡಿಬಂದರು. ನಾನು ಮಗುವನ್ನು ಎಳೆದುಕೊಂಡು ಕಿಟಕಿ ಮುಚ್ಚಿದೆ.

ಸರಪಳಿಗೂ ಹಲಗೆಗೂ ನಡುವೆ ಸಿಕ್ಕಿ ಮೂರು ಬೆರಳು ಹೋದವು. ಬಲಗೈಯವು.

ಮಗಳು ಮಧ್ಯಾಹ್ನಕ್ಕೆ ಮುಂಚೆಯೇ ಮನೆಗೆ ಬಂದಳು. ಹೆಲ್ಮೆಟನ್ನೂ ತೆಗೆದಿರಲಿಲ್ಲ. ಬಚ್ಚಲಿಗೆ ಹೋಗಿ ಬಹಳ ಹೊತ್ತು ನೀರು ಬಿಟ್ಟುಕೊಂಡು ನಿಂತಿದ್ದಳು. ಆಚೆ ಬಂದು, “ಅವನು ಖಾಲಿ ಅನ್ಲಿಲ್ಲ ಅಮ್ಮಾ, ಚೋಟಿ ಟೈಮು ಅಂದ. ನಾನು ಖಾಲಿನಾ ಅಂತ ಕೇಳ್ಬೇಕಿತ್ತು. ಕೇಳ್ಲಿಲ್ಲ” ಎಂದಳು. ಹತ್ತು ಸಲ ಅದನ್ನೇ ಹೇಳಿದಳು.

ವಿಚಾರಣೆ ಮುಗಿಯುವವರೆಗೆ ಕ್ರೇನ್ ನಿಂತಿತು. ಸುರಕ್ಷತೆಯ ಅಧಿಕಾರಿಯನ್ನು ಸೈಟಿನವರೆಲ್ಲ ಹೆಲ್ಮೆಟ್ ಮೇಷ್ಟ್ರು ಎನ್ನುತ್ತಾರೆ. ಗೋಡೆಯ ಮೇಲೆ ಕೂತ ಕಾಗೆಗೂ ಹೆಲ್ಮೆಟ್ ಎಲ್ಲಿ ಎಂದು ಕೇಳುವಂಥವನು. ಅವನು ಆಸ್ಪತ್ರೆಗೆ ಹೋಗಿ ಪೀಪಿಯ ಹೇಳಿಕೆ ಬರೆದುಕೊಂಡ. ಪೀಪಿ ಹೇಳಿದ್ದು ಇಷ್ಟು: ಕೈ ಒಳಗಿರುವಾಗಲೇ ನಾನು ಖಾಲಿ, ಮೇಲೆ ಎಂದು ಹೇಳಿಬಿಟ್ಟೆ, ಕ್ರೇನಿನವರದು ಏನೂ ತಪ್ಪಿಲ್ಲ.

ಮಗಳು ಆಸ್ಪತ್ರೆಗೆ ಹೋಗಲಿಲ್ಲ. ಹೋಗಲು ಕಾಲೇ ಬರಲಿಲ್ಲ ಅವಳಿಗೆ. ನಾನು ಹೋದೆ. ಪೀಪಿ ದಿಂಬಿಗೆ ಒರಗಿ ಕೂತಿದ್ದ, ಕೈಗೆ ತಲೆಯಷ್ಟು ದಪ್ಪದ ಬ್ಯಾಂಡೇಜು. ಆ ದಿಂಬಿನ ಚೀಲ ನಾನು ಹೊಲಿದದ್ದು, ಅಂಚಿನ ಹೊಲಿಗೆಯಲ್ಲೇ ಗುರುತು ಹಿಡಿದೆ. ಕಣ್ಣೆತ್ತಿ ಅವನನ್ನು ನೋಡುವುದಕ್ಕಿಂತ ಅದನ್ನು ನೋಡುವುದು ಸುಲಭವಾಗಿತ್ತು.

“ಅಕ್ಕನಿಗೆ ಹೇಳಿ, ಬಾಯಿ ಮುಚ್ಕೊಂಡು ಇರ್ಲಿ” ಎಂದ. “ಲೈಸೆನ್ಸ್ ಹೋದ್ರೆ ಮತ್ತೆ ಬರೋದಿಲ್ಲ. ನನ್ನ ಬೆರಳಂತೂ ಹೋದ್ವು, ನಿಜ ಹೇಳಿದ್ರೆ ವಾಪಸ್ ಬರ್ತಾವಾ?”

“ಮುಂದೆ ನಿನ್ನ ಗತಿ ಏನಪ್ಪಾ?”

“ತಪ್ಪು ನಂದು ಅಂತ ಬರೆದ್ರೆ ಕೆಲಸದಿಂದ ತೆಗೀತಾರೆ. ಇಲ್ಲಾಂದ್ರೆ ಸ್ಟೋರಲ್ಲಿ ಕೂರಿಸ್ತಿದ್ರೋ ಏನೋ. ನೋಡೋಣ ಬಿಡಿ. ಬಾಯಿ ತಪ್ಪಿದ್ದು ನನ್ನದೇ ಅಲ್ವಾ.”

ನಾನು “ದೇವರಂಥವನಪ್ಪಾ ನೀನು” ಎಂದೆ. ಅವನ ತಲೆ ಸವರಿದೆ. ತಂದಿದ್ದ ಹಣ್ಣುಗಳನ್ನು ಮೇಜಿನ ಮೇಲಿಟ್ಟು, ಹಗುರಾಗಿ, ಬಸ್ಸು ಹತ್ತಿ ಮನೆಗೆ ಬಂದೆ. ಹಗುರಾಗಿ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಆಗ ಮಾತ್ರ ನನ್ನ ಮಗಳ ಏಳು ವರ್ಷದ ಪಾಡು ಉಳಿಯಿತಲ್ಲ ಎಂಬುದೊಂದೇ ತಲೆಯಲ್ಲಿತ್ತು.

ಮನೆಗೆ ಬಂದು ಮಗಳಿಗೆ ಅದನ್ನೇ ಬೋಧಿಸಿದೆ. ಶುಕ್ರವಾರ ಬೆಳಿಗ್ಗೆ ವರದಿಗೆ ಅವಳ ಸಹಿ ಬೇಕಿತ್ತು. ಪೀಪಿಯ ಹೇಳಿಕೆಯನ್ನು ಒಪ್ಪಿದ್ದೇನೆ ಎಂದು. ಸಹಿ ಹಾಕಿದರೆ ಅವನ ಕೆಲಸ ಹೋಗುತ್ತದೆ. ನಡೆದದ್ದನ್ನು ಹೇಳಿದರೆ ಇವಳ ಲೈಸೆನ್ಸ್ ಹೋಗುತ್ತದೆ. ಅವಳು ಹ್ಞೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಒಪ್ಪಿದಳೆಂದೇ ನಾನು ತಿಳಿದುಕೊಂಡೆ.

ಆದರೆ ಮಗು. ನಾವು ದೊಡ್ಡವರು ನಮ್ಮ ನಮ್ಮ ಗೋಳಿನಲ್ಲಿ ಅದನ್ನು ಮರೆತೇಬಿಟ್ಟಿದ್ದೆವು. ಮಂಗಳವಾರ ಸಂಜೆ ಅಮ್ಮ ಹತ್ತಿರ ಬಂದಾಗ ಚೋಟಿ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಆಟವಿರಬೇಕು ಎಂದುಕೊಂಡೆ. ಬುಧವಾರವೂ ಹಾಗೆಯೇ. ಅಮ್ಮ ತುತ್ತು ಕೊಡಲು ಬಂದರೆ ಬಾಯಿ ತೆರೆಯುತ್ತಿದ್ದಳು, ಕೈ ಮಾತ್ರ ಬೆನ್ನ ಹಿಂದೆಯೇ. ಅಮ್ಮ ಅಂಗಿ ತೊಡಿಸಲು ತೋಳು ಹಿಡಿದರೆ ಸಣ್ಣಗೆ ನಡುಗುತ್ತಿದ್ದಳು, ಅಳುತ್ತಿರಲಿಲ್ಲ. ಅಷ್ಟು ಗಂಟಲಿನ ಹುಡುಗಿ ಅಳದೆ ನಡುಗುವುದನ್ನು ನೋಡಲು ನನ್ನಿಂದಾಗಲಿಲ್ಲ. ರಾತ್ರಿ ನನ್ನ ಪಕ್ಕ ಮಲಗುವಾಗ ಬೆರಳುಗಳನ್ನೆಲ್ಲ ಮುಷ್ಟಿಯೊಳಗೆ ಮಡಚಿಕೊಂಡು ಮಲಗುತ್ತಿದ್ದಳು. ಅವಳ ಲೆಕ್ಕ ತೀರಾ ಸರಳ. ಅಮ್ಮ ಟಾಟಾ ಮಾಡಿದಳು, ಅಮ್ಮನ ಕೈ ಪೀಪಿ ಮಾಮನ ಬೆರಳು ಕಿತ್ತುಕೊಂಡಿತು. ಆ ಕೈಯನ್ನು ಅಮ್ಮ ಎಲ್ಲಿ ಬಿಟ್ಟು ಬಂದಿದ್ದಾಳೋ, ಯಾವಾಗ ಮತ್ತೆ ತೊಟ್ಟುಕೊಳ್ಳುತ್ತಾಳೋ ಯಾರಿಗೆ ಗೊತ್ತು.

ಮಗಳು ಅವಳ ಮುಂದೆ ಕೂತು ಬಿಡಿಸಿ ಹೇಳಿದಳು. ಅದು ಅಮ್ಮ ಅಲ್ಲ ಪುಟ್ಟಿ, ಅದು ಮಿಷನ್ನು, ಅಮ್ಮ ಅದರ ಒಳಗೆ ಕೂತಿರುತ್ತಾಳೆ ಎಂದಳು. ಚೋಟಿ ಗಂಭೀರವಾಗಿ ಎಲ್ಲವನ್ನೂ ಕೇಳಿಸಿಕೊಂಡು ಇನ್ನಷ್ಟು ಹಿಂದೆ ಸರಿದು ಗೋಡೆಗೆ ಅಂಟಿದಳು.

ಆಗ ನಾನು ನನ್ನ ಬುದ್ಧಿ ಓಡಿಸಿದೆ. ಗುರುವಾರ ಮಗಳು ಅಂಗಡಿಗೆ ಹೋಗಿದ್ದಾಗ ಬಿಸ್ಕತ್ತಿನ ಡಬ್ಬಿ ತೆಗೆದು ಮಗುವಿನ ಎದುರು ಕೂತೆ.

“ಅಮ್ಮ ಏನೂ ಮಾಡ್ಲಿಲ್ಲ ಕಂದಾ. ಪೀಪಿ ಮಾಮ ತಾನೇ ಬಿದ್ದ.”

“ಇಲ್ಲ. ಅಮ್ಮ ಟಾಟಾ ಮಾಡಿದ್ಲು.”

“ಮಾಡ್ಲಿಲ್ಲ. ನೀನು ನೋಡೇ ಇಲ್ಲ. ಮಾಮ ತಾನೇ ಬಿದ್ದ ಅನ್ನು, ಬಿಸ್ಕತ್ ಕೊಡ್ತೀನಿ.”

ಅವಳು ನನ್ನ ಮುಖ ನೋಡಿದಳು, ಡಬ್ಬಿ ನೋಡಿದಳು. ಎಷ್ಟಾದರೂ ಮೂರು ವರ್ಷ. “ಮಾಮ ತಾನೇ ಬಿದ್ದ” ಎಂದಳು. ಒಂದು ಬಿಸ್ಕತ್ತು. ಮತ್ತೆ ಹೇಳಿಸಿದೆ. ಮತ್ತೊಂದು. ನಾಲ್ಕು ಬಿಸ್ಕತ್ತು ಮುಗಿಯುವ ಹೊತ್ತಿಗೆ ಪಾಠ ಬಾಯಿಪಾಠವಾಗಿತ್ತು, ನಾನು ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಮಗಳು ಚೀಲ ಹಿಡಿದು ಒಳಗೆ ಬಂದಳು. ಚೋಟಿ ಅವಳ ಎದುರು ಹೋಗಿ ನಿಂತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೇ, ಒಪ್ಪಿಸಿದಳು. “ಮಾಮ ತಾನೇ ಬಿದ್ದ. ಬಿಸ್ಕತ್ ಕೊಡು.”

ಮಗಳು ಮೊದಲು ಅವಳನ್ನು, ಆಮೇಲೆ ಡಬ್ಬಿಯನ್ನು, ಕೊನೆಗೆ ನನ್ನನ್ನು ನೋಡಿದಳು. ಬೈಯುತ್ತಾಳೆಂದು ಕಾದೆ. ಅವಳು ಬೈಯಲಿಲ್ಲ, ಚೀಲವನ್ನು ನೆಲದ ಮೇಲಿಟ್ಟು ಅಲ್ಲೇ ಕುಸಿದು ಕೂತಳು.

“ನಾಳೆ ನಾನು ಸಹಿ ಹಾಕೋ ಕಾಗದದಲ್ಲೂ ಇದೇ ಮಾತು ಇದೆ ಅಮ್ಮಾ” ಎಂದಳು. “ಅವಳಿಗೆ ಬಿಸ್ಕತ್ತು. ನನಗೆ ಲೈಸೆನ್ಸು.”

“ನೀನು ಎಷ್ಟು ಕಷ್ಟಪಟ್ಟು ತಗೊಂಡೆ ಅದನ್ನ...” ಎಂದು ನಾನು ಶುರುಮಾಡಿದೆ.

“ನನಗೆ ಗೊತ್ತಿಲ್ವಾ? ನಿನಗಿಂತ ನನಗೆ ಗೊತ್ತಿಲ್ವಾ?” ಎಂದು ಕೂಗಿದಳು. ಆಮೇಲೆ ಅತ್ತಳು. ಚೋಟಿ ದೂರದಿಂದಲೇ ಅದನ್ನು ನೋಡುತ್ತಿದ್ದಳು. ಅಮ್ಮ ಅಳುವುದನ್ನು ಅವಳು ಕಂಡದ್ದು ಅದೇ ಮೊದಲು.

ಶುಕ್ರವಾರ ಬೆಳಿಗ್ಗೆ ಮೂವರೂ ಹೋದೆವು. ನಾನಾಗಿಯೇ ಹೊರಟೆ, ಮಗುವನ್ನು ಬಿಟ್ಟುಹೋಗಲು ಯಾರೂ ಇರಲಿಲ್ಲ ಎಂಬುದು ನೆಪ. ಸೈಟಿನ ಗೇಟಿನ ಪಕ್ಕ ತಗಡಿನ ಕೋಣೆಯಲ್ಲಿ ಹೆಲ್ಮೆಟ್ ಮೇಷ್ಟ್ರ ಕಚೇರಿ. ಗೋಡೆಯ ಮೊಳೆಗಳಿಗೆ ಸಾಲಾಗಿ ಹೆಲ್ಮೆಟುಗಳು, ಮೇಜಿನ ಮೇಲೆ ಹಾರಿಹೋಗದಂತೆ ಕಲ್ಲು ಹೇರಿದ ಕಾಗದಗಳು, ಕರಕರ ಎನ್ನುವ ಫ್ಯಾನು. ಅವನು ವರದಿಯನ್ನು ಮಗಳ ಕಡೆ ತಿರುಗಿಸಿ ಪೆನ್ನು ಕೊಟ್ಟ.

“ಇಲ್ಲೊಂದು, ಹಿಂದುಗಡೆ ಒಂದು.”

“ಇದರಲ್ಲಿ ಬರೆದಿರೋದು ನಿಜ ಅಲ್ಲ ಸಾರ್” ಎಂದಳು ನನ್ನ ಮಗಳು.

ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಹತ್ತು ಗಂಟೆಯ ಟಾಟಾ, ಚೋಟಿ ಟೈಮು, ಖಾಲಿ ಎಂಬ ಮಾತು ಬರದಿದ್ದರೂ ಕೇಳದೆ ಎತ್ತಿದ್ದು, ಎರಡನೆಯ ಸಲವೂ ಎತ್ತಿದ್ದು. ನನಗೇ ತಡೆಯಲಾಗದೆ ಮುಂದೆ ಬಂದು, “ಟಾಟಾ ಮಾಡು ಅಂತ ಪ್ರಾಣ ಹಿಂಡಿದವಳು ನಾನು. ಅದನ್ನೂ ಬರ್ಕೊಳ್ಳಿ” ಎಂದೆ.

ಅವನು ಕನ್ನಡಕ ತೆಗೆದು ನನ್ನನ್ನು ನೋಡಿದ. “ಅಜ್ಜಿ, ಈ ಫಾರಂನಲ್ಲಿ ನಿಮಗೆ ಜಾಗ ಇಲ್ಲ” ಎಂದ. ಒರಟಾಗಿ ಹೇಳಲಿಲ್ಲ. ಆದರೂ ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಒಂದು ಮೂಲೆಯಲ್ಲಾದರೂ ನನ್ನ ಹೆಸರು ಬರೆದುಕೊಂಡಿದ್ದರೆ ಚೆನ್ನಾಗಿತ್ತು.

ಹೊಸ ಹಾಳೆ ತೆಗೆದು ಅವನು ಮತ್ತೆ ಬರೆದ. ಓದಿ ಹೇಳಿದ. ಮಗಳು ಎರಡೂ ಕಡೆ ಸಹಿ ಹಾಕಿದಳು. ಪೀಪಿಯ ಬಾಯಿತಪ್ಪಿಗೆ ಎಚ್ಚರಿಕೆಯ ಪತ್ರ ಹೋಗುತ್ತದೆ, ಕೈ ವಾಸಿಯಾದ ಮೇಲೆ ಸ್ಟೋರಿನಲ್ಲಿ ಕೆಲಸ ಕೊಡಲು ಅಡ್ಡಿಯಿಲ್ಲ ಎಂದ. ಆಮೇಲೆ ಕೈ ಚಾಚಿದ. ಮಗಳು ಕೊರಳಿನಿಂದ ಲೈಸೆನ್ಸಿನ ಕಾರ್ಡು ತೆಗೆದು ಕೊಟ್ಟಳು. ಅವನು ಅದನ್ನು ಡ್ರಾಯರಿನಲ್ಲಿ ಹಾಕಿ, “ಇನ್ನು ಏಣಿ ಹತ್ತೋ ಹಾಗಿಲ್ಲಮ್ಮ” ಎಂದ. ಅವನ ಮುಖವೂ ಸಪ್ಪಗಾಗಿತ್ತು. ಇಡೀ ಸೈಟಿನಲ್ಲಿ ಒಂದು ದಿನವೂ ಹೆಲ್ಮೆಟ್ ಮರೆಯದವಳು ನನ್ನ ಮಗಳೊಬ್ಬಳೇ.

ಹೊರಗೆ ಬಂದಾಗ ಬಿಸಿಲೇರಿತ್ತು. ಬಲೆಯ ಬೇಲಿಯಾಚೆ, ಮೂವತ್ತು ಹೆಜ್ಜೆ ದೂರದಲ್ಲಿ, ಕ್ರೇನಿನ ಬುಡ. ಇಷ್ಟು ಹತ್ತಿರದಿಂದ ಚೋಟಿ ಅದನ್ನು ನೋಡಿಯೇ ಇರಲಿಲ್ಲ. ನನ್ನ ಸೀರೆಯ ಹಿಂದೆ ಅವಿತುಕೊಂಡಳು. ಆ ದಿನದ ಮಟ್ಟಿಗೆಂದು ಬೇರೆ ಸೈಟಿನಿಂದ ಕರೆಸಿದ್ದ ಡ್ರೈವರೊಬ್ಬ ಆಗಲೇ ಏಣಿ ಹತ್ತುತ್ತಿದ್ದ. ಮೇಲೆ ಹೋಗಿ, ಗಾಜಿನ ಕ್ಯಾಬಿನ್ನಿನ ಬಾಗಿಲು ತೆರೆದು ಒಳಗೆ ಕೂತ. ಸ್ವಲ್ಪ ಹೊತ್ತಿಗೆ ಮೋಟಾರು ಗುಂಯ್ ಎಂದಿತು. ಮಂಗಳವಾರದಿಂದ ಗಾಳಿಗೆ ಬಿಟ್ಟಿದ್ದ ಆ ಉದ್ದದ ಕೈ ನಿಂತು, ನಿಧಾನವಾಗಿ ನೆಟ್ಟಗೆ ತಿರುಗತೊಡಗಿತು.

ಚೋಟಿ ಸೀರೆಯಿಂದ ಮುಖ ಹೊರಗೆ ಹಾಕಿದಳು. ಕ್ರೇನ್ ನೋಡಿದಳು. ಅಮ್ಮನನ್ನು ನೋಡಿದಳು. ಅಮ್ಮ ಇಲ್ಲೇ ನೆಲದ ಮೇಲೆ ನಿಂತಿದ್ದಳು, ಬಣ್ಣ ಮಾಸಿದ ಚೂಡಿದಾರದಲ್ಲಿ, ನನ್ನ ಭುಜದೆತ್ತರಕ್ಕೆ. ಮಗು ಮತ್ತೆ ಮೇಲೆ ನೋಡಿತು. ಕತ್ತು ಹಿಂದಕ್ಕೆ ಬಾಗಿ ಬಾಯಿ ತೆರೆದುಕೊಂಡಿತು.

“ಅದು ಅಮ್ಮ ಅಲ್ಲ” ಎಂದಳು.

“ಅಲ್ಲ ಪುಟ್ಟಿ” ಎಂದಳು ಮಗಳು.

“ಅಮ್ಮ ಸಣ್ಣ.”

“ಹೌದು. ಅಮ್ಮ ಇಷ್ಟೇ.”

ಆ ಮಾತನ್ನು ಮಗಳು ಬಹಳ ಸಲೀಸಾಗಿ ಹೇಳಿಬಿಟ್ಟಳು. ಚೋಟಿ ಹುಬ್ಬು ಗಂಟಿಕ್ಕಿ ಯೋಚಿಸಿದಳು. ಯೋಚನೆ ಮುಖದ ಮೇಲೆ ನಡೆದಾಡುವುದು ನಮಗೆ ಕಾಣುತ್ತಿತ್ತು. ಆಮೇಲೆ ಕೇಳಿದಳು.

“ಹಂಗಾದ್ರೆ ಮಾಮನ ಬೆರಳು ಯಾರು ಕಿತ್ತಿದ್ದು?”

ಗೇಟಿನ ಬಳಿ ನಿಂತಿದ್ದ ಇಬ್ಬರು ಕೆಲಸದವರು ತಿರುಗಿ ನೋಡಿದರು. ನನಗೆ ಒಂದು ಕ್ಷಣ ಜೀವ ಬಂದಂತಾಯಿತು. ದಾರಿ ತಾನಾಗಿ ತೆರೆದಿತ್ತಲ್ಲ. ಕ್ರೇನ್ ಕಿತ್ತಿತು ಎಂದರೆ ಮುಗಿಯಿತು. ಸುಳ್ಳೂ ಅಲ್ಲ, ಮಗುವೇ ಕಣ್ಣಾರೆ ಕಂಡು ಒಪ್ಪಿಕೊಂಡಾಗಿದೆ. ಬರೆಯಬೇಕಾದಲ್ಲಿ ನಿಜ ಬರೆದಾಯಿತು, ಇನ್ನು ಮನೆಯಲ್ಲಾದರೂ ಈ ಹುಡುಗಿ ಅಮ್ಮನ ಕೈ ಹಿಡಿದು ನೆಮ್ಮದಿಯಾಗಿರಲಿ. ಕ್ರೇನ್ ಅನ್ನು, ಕ್ರೇನ್ ಅನ್ನು ಎಂದು ನಾನು ಒಳಗೊಳಗೇ ಬೇಡಿಕೊಂಡೆ.

ಮಗಳು ಮಣ್ಣಿನ ಮೇಲೆ ಮಂಡಿಯೂರಿ ಮಗುವಿನ ಎತ್ತರಕ್ಕೆ ಕೂತಳು. ತನ್ನ ಬಲಗೈಯನ್ನು ಮುಂದೆ ಚಾಚಿ, ಅಂಗೈ ಮೇಲೆ ಮಾಡಿ, ಇಬ್ಬರ ನಡುವೆ ಹಿಡಿದಳು. ಹಿಡಿಕೆ ಹಿಡಿದು ಹಿಡಿದು ಜಡ್ಡುಗಟ್ಟಿದ ಸಣ್ಣ ಕೈ.

“ನಾನು” ಎಂದಳು. “ಅದು ಮಿಷನ್ನು, ಅದಕ್ಕೇನೂ ಗೊತ್ತಾಗಲ್ಲ. ನಡೆಸಿದ್ದು ಈ ಕೈ. ಮಾಮ ಅಲ್ಲಿ ಇದ್ದಾನಾ ಅಂತ ಕೇಳ್ಬೇಕಿತ್ತು, ನಾನು ಕೇಳ್ಲಿಲ್ಲ.”

ಚೋಟಿ ಆ ಕೈಯನ್ನು ಬಹಳ ಹೊತ್ತು ನೋಡಿದಳು. ಕೈ ಕದಲಲಿಲ್ಲ. ಮಗಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಅವಳು ಆ ಕೈ ತೆಗೆಯಲಿಲ್ಲ.

“ಮಾಮಂಗೆ ನೋವಾಯ್ತಾ?”

“ತುಂಬಾ ಆಯ್ತು.”

“ಸಾರಿ ಕೇಳಿದ್ಯಾ?”

ಮಗಳು ತಲೆ ತಗ್ಗಿಸಿದಳು. “ಇಲ್ಲ. ಇನ್ನೂ ಹೋಗೇ ಇಲ್ಲ ನಾನು. ಭಯ ಆಗುತ್ತೆ.”

ಚೋಟಿ ಬೆನ್ನ ಹಿಂದಿನಿಂದ ಒಂದು ಕೈಯನ್ನು ಈಚೆ ತೆಗೆದಳು. ಇನ್ನೊಂದು ಅಲ್ಲೇ ಇತ್ತು. ಮುಷ್ಟಿ ಬಿಚ್ಚಿ, ಅಮ್ಮನ ತೋರುಬೆರಳನ್ನು ಮಾತ್ರ, ಅದೂ ತುದಿಯಲ್ಲಿ, ಹಿಡಿದುಕೊಂಡಳು.

“ಬಾ” ಎಂದಳು. “ನಾನೂ ಬರ್ತೀನಿ.”

ಬಸ್ ನಿಲ್ದಾಣದವರೆಗೂ ಅವರಿಬ್ಬರು ಹಾಗೆಯೇ ನಡೆದರು, ಮಗು ಮುಂದೆ, ನನ್ನ ಮಗಳು ಬಗ್ಗಿಕೊಂಡು ಹಿಂದೆ. ನಾನು ಅವರ ಹಿಂದೆ ನಡೆದೆ. ಪೀಪಿಗೆ ನಾನೂ ಹೇಳಬೇಕಾದ ಮಾತಿತ್ತು, ಅದನ್ನು ಹೇಗೆ ಶುರುಮಾಡಬೇಕೆಂದು ದಾರಿಯುದ್ದಕ್ಕೂ ಹುಡುಕಿದೆ, ಆಸ್ಪತ್ರೆಯ ಬಾಗಿಲು ಬಂದರೂ ಸಿಕ್ಕಿರಲಿಲ್ಲ.